ಬ್ಯಾಡಗಿಯ ಗವಾಕ್ಷಿ

ರಾಣೆಬೆನ್ನೂರಿನ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ತಂಗಿ ಶಾಂತವ್ವನ ಫೋನು ಬಂತು. ಸರ್ಕಾರದ ನೆರವಿನಿಂದ ಕಟ್ಟಿಸುತ್ತಿರುವ ಅವಳ ಮನೆಯ ಗವಾಕ್ಷಿ ಮುಚ್ಚಬೇಕಂತೆ, ಇಲ್ಲದಿದ್ದರೆ ಬಾಗಿಲು ಕೂರಿಸಲು ಬೇಕಾದ ಕೊನೆಯ ಕಂತು ಬರುವುದಿಲ್ಲವಂತೆ. ಮೊರ ಬದಿಗಿಟ್ಟು ಬ್ಯಾಡಗಿ ಬಸ್ಸು ಹತ್ತಿದೆ. ದೇವರ ದಯೆ, ಕೂರಲು ಸೀಟು ಸಿಕ್ಕಿತು.

ತಂಗಿಯ ಮನೆಗೆ ಸಿಮೆಂಟ್ ಶೀಟಿನ ತಗ್ಗು ಮಾಡು, ಒಂದೇ ಒಂದು ಸಣ್ಣ ಕಿಟಕಿ. ಒಳಗೆ ಮೆಣಸಿನಕಾಯಿ ರಾಶಿ. ಈ ಊರಲ್ಲಿ ಹೆಂಗಸರು ಮನೆಯಲ್ಲೇ ಕೂತು ತೊಟ್ಟು ಬಿಡಿಸುತ್ತಾರೆ. ಆ ಘಾಟು ಮೇಲೆ ಹೋಗಲೆಂದೇ ಮನೆ ಕಟ್ಟಿದ ಗೌಂಡಿ ಮಾಡಿನಲ್ಲಿ ಗವಾಕ್ಷಿ ಬಿಟ್ಟಿದ್ದ. ಕಂತು ಕೊಡುವ ಮುನ್ನ ಮನೆ ನೋಡಿ ಫೋಟೋ ಹಿಡಿಯಲು ಬಂದಿದ್ದ ಸರ್ಕಾರಿ ಎಂಜಿನಿಯರು ಮೂಗಿಗೆ ಕರ್ಚೀಫು ಹಿಡಿದು ಹೊಸ್ತಿಲಾಚೆಯೇ ನಿಂತಿದ್ದರು.

“ನಕಾಶದಾಗ ಇದು ಇಲ್ಲರಿ ಅವ್ವಾರ.”

“ನಕಾಶ ಬರದವ್ರು ಇಲ್ಲಿ ಒಂದಿನ ಕುಂತು ಕಾಯಿ ಬಿಡಿಸ್ಯಾರೇನ್ರಿ? ಒಳಗ ಬರ್ರಿ, ಕುಂತು ಬರೀರಿ,” ಎಂದೆ. ಬರಲಿಲ್ಲ.

ಗೌಂಡಿ ನನ್ನ ಬಳಿ ಬಂದು, “ಫೋಟೋ ಹಿಡಿಯೋತನಕ ಒಂದು ತಗಡು ಮುಚ್ಚೂಣ್ರಿ, ಆಮ್ಯಾಲ ತಗದ್ರಾತು” ಎಂದು ಪಿಸುಗುಟ್ಟಿದ. ನನಗೆ ಮೈಯೆಲ್ಲ ಉರಿಯಿತು. ಉಸಿರಾಡುವುದಕ್ಕೂ ಕಳ್ಳತನ ಮಾಡಬೇಕೆ? ಆದರೆ ಮನೆ ನನ್ನದಲ್ಲ. ತಂಗಿಯ ಮುಖ ನೋಡಿದೆ.

ಅವಳ ಬಗಲಲ್ಲಿದ್ದ ಕೂಸು ಕೆಮ್ಮುತ್ತಿತ್ತು. ಬೆನ್ನು ಸವರುತ್ತ ಅವಳೇ ಮುಂದೆ ಬಂದಳು.

“ತಗಡು ಬ್ಯಾಡ. ತೆರದಿದ್ದಂಗ ಫೋಟೋ ಹಿಡೀರಿ ಸಾಹೇಬ್ರ. ರೊಕ್ಕ ಬರದಿದ್ರ ಬಾಗಲಾ ಇಲ್ದನ ಇರ್ತೇವಿ.”

ಸಾಹೇಬರು ಫೋಟೋ ಹಿಡಿದು, ಏನೋ ಬರೆದುಕೊಂಡು, ಬೈಕು ಹತ್ತಿ ಹೋದರು. ಹೆಣ್ಣುಮಗಳೊಬ್ಬಳ ಮನೆಗೆ ಗಾಳಿ ಬೇಕೆಂದು ತಿಳಿಯದವರಿಗೆ ನಕಾಶೆ ಬರೆಯಲು ಹೇಳಿದವರು ಯಾರು?

ನಾನು ತಂಗಿಯ ಟ್ರಂಕಿನಿಂದ ಹಳೇ ಕೌದಿ ತೆಗೆದು, ಹರಿದ ಅಂಚಿಗೆ ನಾಲ್ಕು ಹೊಲಿಗೆ ಹಾಕಿ, ಬಾಗಿಲಿನ ಜಾಗಕ್ಕೆ ಕಟ್ಟಲು ನಿಂತೆ.