ಖಜಾನೆ ಕೋಣೆಯ ಕರಡಿಗೆ

ಕಣಕಟ್ಟೆಯ ಕಮಲಾಕ್ಷಮ್ಮ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಹಾಲು ತಂದವನ ಎದುರೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದಳು. ಬಸ್ಸು ಹತ್ತಿ ಕುಳಿತ ಮೇಲೂ ಅದು ಎಲ್ಲಿಗೆ ಹೋಗುತ್ತದೆಂದು ಮೂವರನ್ನು ವಿಚಾರಿಸುತ್ತಿದ್ದಳು. ಗಂಡ ನಂಜಪ್ಪ ಇರುವವರೆಗೆ ಇದು ಮನೆಯಲ್ಲಿ ನಗುವ ವಿಷಯವಾಗಿತ್ತು.

ನಂಜಪ್ಪ ತೀರಿಕೊಂಡದ್ದು ೧೯೬೦ರ ಮಾಘದಲ್ಲಿ. ಆಗ ಅವಳು ವಿಷಮಶೀತ ಜ್ವರದಿಂದ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಮಣ್ಣು ಮಾಡಿದವನು ಮೈದುನ ಜಯದೇವಪ್ಪ. ಅವರಲ್ಲಿ ಸತ್ತವರ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯಲ್ಲಿಟ್ಟು ಸಮಾಧಿ ಮಾಡುತ್ತಾರೆ; ಬೆಳ್ಳಿಯ ಕರಡಿಗೆ ಮಾತ್ರ ಮನೆಗೆ ಉಳಿಯುತ್ತದೆ. ಕೇಳಿದಾಗಲೆಲ್ಲ ಜಯದೇವಪ್ಪ “ಜೋಪಾನವಾಗೈತೆ” ಎನ್ನುತ್ತಿದ್ದ. ಒಂದೂವರೆ ವರ್ಷ ಕಳೆದ ಮೇಲೆ ಗೊತ್ತಾಯಿತು: ಅರಸೀಕೆರೆಯ ಹಳೆಯ ಅಮಲ್ದಾರ್ ಕಚೇರಿಯನ್ನು ಮ್ಯೂಸಿಯಂ ಮಾಡಿದ್ದಾರೆ, ಇವನು ಕರಡಿಗೆಯನ್ನು ಅಲ್ಲಿಗೆ ಕೊಟ್ಟಿದ್ದಾನೆ. ನೋಡಿಬಂದ ನೆರೆಮನೆಯ ದ್ರಾಕ್ಷಾಯಣಿ, “ಮುಚ್ಚಳ ಬಿಗ್ದೈತೆ ಕಣಕ್ಕ, ತೆಗೆಯಕ್ಕೇ ಬರಲ್ವಂತೆ” ಎಂದಳು.

ಅಂದಿನಿಂದ ಕಮಲಾಕ್ಷಮ್ಮನಿಗೆ ಒಂದೇ ಯೋಚನೆ. ಅವಸರದಲ್ಲಿ ಲಿಂಗ ತೆಗೆಯುವುದನ್ನೇ ಮರೆತು, ಗಂಡನನ್ನು ಬರಿಗೈಯಲ್ಲಿ ಮಣ್ಣಿಗಿಟ್ಟು, ಆಮೇಲೆ ಹೆದರಿ ಇವನು ಕರಡಿಗೆಯನ್ನು ಸಾಗಹಾಕಿದ್ದಾನೆ.

“ನಡಿ, ನನ್ನೆದುರಿಗೆ ತೆಗೆಸು” ಎಂದು ಮೈದುನನನ್ನು ಬಸ್ಸು ಹತ್ತಿಸಿದಳು.

“ಅಣ್ಣನ ಹೆಸರು ಒಂದ್ಕಡೆ ಉಳೀಲಿ ಅಂತ ಕೊಟ್ಟೆ ಅತ್ತಿಗೆ.”

“ಹೆಸರು ಉಳಿಸೋನು ಹೇಳಿ ಕೊಡ್ತಾನೆ.”

ಗುಮಾಸ್ತರು ಕೂರುತ್ತಿದ್ದ ಪಡಸಾಲೆಯಲ್ಲಿ ಈಗ ನೇಗಿಲು, ಕೂರಿಗೆ, ಬೀಸುವ ಕಲ್ಲು ಇದ್ದವು. ಅವಳಿಗೆ ಕಟ್ಟಡದ ಮೇಲೂ ನಂಬಿಕೆಯಿರಲಿಲ್ಲ; ಹಿಂದೆ ಇಲ್ಲಿ ಕೊಟ್ಟ ಅರ್ಜಿ ಒಂದಕ್ಕೂ ಜವಾಬು ಬಂದಿರಲಿಲ್ಲ. ಬೆಳ್ಳಿ ಸಾಮಾನು ಇದ್ದದ್ದು ಖಜಾನೆ ಕೋಣೆಯಲ್ಲಿ, ಕಬ್ಬಿಣದ ಸರಳುಗಳ ಹಿಂದೆ. ಮೇಲ್ವಿಚಾರಕ ಗೋಪಾಲಸ್ವಾಮಿ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು.

“ಕೊಟ್ಟ ವಸ್ತು ವಾಪಸ್ ಕೊಡಕ್ಕಾಗಲ್ಲಮ್ಮ.”

“ವಾಪಸ್ ಯಾರು ಕೇಳಿದ್ರು ಸ್ವಾಮಿ? ಒಳಗೇನೈತೆ ನೋಡ್ಬೇಕು.”

“ಬಲವಂತ ಮಾಡಿದ್ರೆ ಬೆಳ್ಳಿ ಸೀಳುತ್ತೆ ಅಂತ ನಾನೇ ತೆಗೆದಿಲ್ಲ.”

“ಒಳಗೇನೈತೋ ಗೊತ್ತಿಲ್ದೇನೇ ಗಾಜಿನೊಳಗೆ ಇಟ್ಟು ಮೆರೆಸ್ತಿದೀರಾ?”

ಮಾತು ಗೋಪಾಲಸ್ವಾಮಿಗೆ ನಾಟಿತು. ಬೀಗ ತೆಗೆದರು. ಆದರೂ ಬಾಗಿಲಿಗೆ ಅಡ್ಡ ನಿಂತೇ ಕರಡಿಗೆಯನ್ನು ಅವಳ ಕೈಗಿತ್ತರು.

ಅವಳು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯಲ್ಲಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಮೂವತ್ತು ವರ್ಷ ಹೀಗೇ ಕೇಳಿ ಪಳಗಿದ ಕಿವಿ. ಒಳಗೆ ಗಟ್ಟಿಯಾದದ್ದು ಏನೋ ಉರುಳಿತು.

ಅವಳು ಮೈದುನನ ಕಡೆ ತಿರುಗಿದಳು. “ಜಯದೇವ, ಲಿಂಗ ಇದರೊಳಗೇ ಐತಲ್ಲೋ!”

“ಅದು ವಿಭೂತಿ ಗಟ್ಟಿ ಅತ್ತಿಗೆ. ಖಾಲಿ ಕರಡಿಗೆ ಕೊಡಬಾರ್ದು ಅಂತ ನಾನೇ ಹಾಕಿದ್ದು.”

“ಮೊದ್ಲೇ ಹೇಳಕ್ಕೇನಾಗಿತ್ತು?”

“ಹೇಳಿದ್ರೆ ನಂಬ್ತಿದ್ರಾ ನೀವು?”

ಗೋಪಾಲಸ್ವಾಮಿ ಮುಚ್ಚಳದ ಸಂದಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, ಗಡಿಯಾರ ನೋಡುತ್ತ ಐದು ನಿಮಿಷ ಕಾದರು. ಮೆಲ್ಲಗೆ ತಿರುಗಿಸಿದಾಗ ಮುಚ್ಚಳ ಬಿಟ್ಟುಕೊಂಡಿತು.

ಒಳಗಿದ್ದದ್ದು ಬಿಳಿಯ ಗಟ್ಟಿ, ನಿಂಬೆಹಣ್ಣಿಗಿಂತ ಚಿಕ್ಕದು. ಜಯದೇವಪ್ಪ ಉಸಿರುಬಿಟ್ಟ. ಕಮಲಾಕ್ಷಮ್ಮ ಬಿಡಲಿಲ್ಲ. ಲಿಂಗದ ಮೇಲೆ ವಿಭೂತಿ ಮೆತ್ತಿದರೂ ಹೀಗೇ ಕಾಣುತ್ತದೆ. ಎರಡೂ ಹೆಬ್ಬೆರಳು ಒತ್ತಿ ಗಟ್ಟಿಯನ್ನು ಮುರಿದಳು. ನಡುವಿನವರೆಗೂ ಬಿಳಿ. ಒಂದು ಹೋಳನ್ನು ಮತ್ತೆ ಮುರಿದಳು. ಅದೂ ಬಿಳಿ.

“ರಿಜಿಸ್ಟರಲ್ಲಿ ಇದರ ತೂಕ ಮತ್ತೆ ಬರೀಬೇಕು” ಎಂದ ಗೋಪಾಲಸ್ವಾಮಿ, ಬರೆಯದೆ ಕಿಟಕಿಯ ಕಡೆ ತಿರುಗಿ ನಿಂತರು.

“ಎಡಗೈಲೇ ಇಟ್ಯಾ?” ಎಂದು ಅವಳು ಮೈದುನನನ್ನು ಕೇಳಿದಳು.

“ಎಡಗೈಲೇ.”

“ಬಿದ್ದೋಗದಂಗೆ?”

“ಬೆರಳು ಸೆಟೆದಿದ್ವು. ಒಂದೊಂದಾಗಿ ನಾನೇ ಮಡಚ್ದೆ. ಕಿರುಬೆರಳೊಂದು ಬಗ್ಗಲಿಲ್ಲ.”

ನಂಜಪ್ಪನ ಆ ಕಿರುಬೆರಳು ಮದುವೆಗೆ ಮುಂಚೆಯೇ ಮರದಿಂದ ಬಿದ್ದು ಮುರಿದದ್ದು, ಬದುಕಿದ್ದಾಗಲೂ ಬಗ್ಗುತ್ತಿರಲಿಲ್ಲ. ಕಮಲಾಕ್ಷಮ್ಮ ವಿಭೂತಿಯ ಕೈಯಲ್ಲೇ ಗೋಡೆಗೆ ಒರಗಿ ಕುಳಿತಳು. ಮತ್ತೇನೂ ಕೇಳಲಿಲ್ಲ.