ಹೇಳಿದ್ದನ್ನೇ ಹೇಳುವ ದೋಷ

ಬೋಳಾರದಲ್ಲಿ ನಮ್ಮ ಪಕ್ಕದ ಮನೆಯ ಅಲಿಯಬ್ಬ ಉಸ್ತಾದರು ನಲವತ್ತು ವರ್ಷ ಅರಬಿ, ಫಾರ್ಸಿ ಕಲಿಸಿದವರು. ಪ್ರವಚನ ಹೇಳುವವರು ಮೊದಲು ಅವರ ಜಗಲಿಯಲ್ಲಿ ಮಾತಾಡಿ ತೋರಿಸಿ ತಪ್ಪು ತಿದ್ದಿಸಿಕೊಳ್ಳುತ್ತಿದ್ದರು. ನಾನು ಬೇಲಿಯ ಈಚೆ ಬೀಡಿ ಕಟ್ಟುತ್ತಾ ಕೇಳುತ್ತಿದ್ದೆ. ಬಾಯಲ್ಲಿ ಅಕ್ಷರಗಳು ಡಿಕ್ಕಿ ಹೊಡೆದರೆ ದೋಷ, ಯಾರಿಗೂ ತಿಳಿಯದ ಶಬ್ದ ತಂದರೆ ದೋಷ, ವಾಕ್ಯ ಗಂಟು ಬಿದ್ದರೆ ದೋಷ, ಹೇಳಿದ್ದನ್ನೇ ಹೇಳಿದರೂ ದೋಷ. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಇವೆಲ್ಲ ಬಾಯಿಪಾಠ.

ಅವರ ಮನೆ ಒಡೆದದ್ದೂ ಇದರಿಂದಲೇ. ಅವರ ಉಮ್ಮ, ಅಂದರೆ ತಾಯಿ, ತೀರಿಕೊಂಡ ನಲವತ್ತನೆಯ ದಿನ ತಮ್ಮ ಬಶೀರ್ ನಾಲ್ಕು ಮಾತಾಡಲು ಎದ್ದು ನಿಂತ. "ನನ್ನ ಉಮ್ಮ, ನನ್ನ ಉಮ್ಮ" ಎನ್ನುತ್ತಾ ಮುಂದೆ ಹೋಗಲಾರದೆ ಅತ್ತ. ಉಸ್ತಾದರು ಅಭ್ಯಾಸಬಲದಿಂದ, ತುಂಬಿದ ಚಪ್ಪರದಲ್ಲಿ, "ಹೇಳಿದ್ದನ್ನೇ ಹೇಳ್ಬೇಡ, ದೋಷ" ಎಂದುಬಿಟ್ಟರು. ಅಂದು ಕುಲಶೇಖರದ ತನ್ನ ಮನೆಗೆ ಹೋದ ಬಶೀರ್ ಹನ್ನೊಂದು ವರ್ಷ ಈ ಕಡೆ ಬರಲಿಲ್ಲ.

ಈ ವರ್ಷ ಅವನು ಹಜ್ಜಿಗೆ ಹೊರಟ. ಹೊರಡುವ ಮುಂಚೆ ಬಂಧುಗಳ ಮನೆಗೆಲ್ಲ ಹೋಗಿ, ತಪ್ಪಾಗಿದ್ದರೆ ಮನ್ನಿಸಿ ಎಂದು ಕೇಳುವುದು ಅವರಲ್ಲಿ ಪದ್ಧತಿ. ಬಂದೇ ಬರುತ್ತಾನೆ. ಉಸ್ತಾದರಿಗೆ ಎಂಬತ್ತೆರಡು. "ಇನ್ನೊಂದು ಸಲ ಸಿಗ್ಲಿಕ್ಕಿಲ್ಲ ನಳಿನಕ್ಕ" ಎಂದು, ತಮ್ಮನಿಗೆ ಹೇಳಬೇಕಾದದ್ದನ್ನು ವಾರವಿಡೀ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಒಂದು ದಿನ ಬೇಲಿಯ ಹತ್ತಿರ ನಿಂತು ನನಗೆ ಓದಿದರು.

"ಹೇಗುಂಟು?"

"ಚಂದ ಉಂಟು ಉಸ್ತಾದರೇ. ತಪ್ಪಾಯ್ತು ಅಂತ ಎಲ್ಲಿ ಉಂಟು?"

"ಕೊನೆಗೆ ಬರ್ತದೆ."

"ಕೊನೆವರೆಗೆ ಅವನು ಕೂತ್ಕೊಳ್ಬೇಕಲ್ಲ ಮಾರಾಯ್ರೇ."

ಶುಕ್ರವಾರ ಬಶೀರ್ ಬಂದ. ಅವನಿಗೂ ಎಪ್ಪತ್ತು, ಮಂಡಿನೋವು ಬೇರೆ. "ಕಾಕ, ನನ್ನಿಂದ ತಪ್ಪಾಗಿದ್ರೆ ಮನ್ನಿಸಿ" ಎಂದು ಜಗಲಿಯಲ್ಲಿ ಕೂತ. ಅಣ್ಣನಿಗೆ ಅವರಲ್ಲಿ ಕಾಕ ಎನ್ನುತ್ತಾರೆ. ಅಣ್ಣ ಕಾಗದ ಬಿಡಿಸಿ ಓದತೊಡಗಿದರು. ಅರಬಿಯಲ್ಲಿ ಸ್ತುತಿ, ಮೇಲೆ ಫಾರ್ಸಿ ಪದ್ಯ. ಎಲ್ಲೂ ಒಂದು ತೊಡಕಿಲ್ಲ. ಬಶೀರ್ ನೆಲ ನೋಡುತ್ತಿದ್ದ. ಅರ್ಧದಲ್ಲೇ ಎದ್ದ.

"ಆಯ್ತು ಕಾಕ. ನಿಮ್ಮ ಮಾತಿಗೆ ತಪ್ಪು ಹಿಡಿಲಿಕ್ಕೆ ನಾನು ಯಾರು? ಇನ್ನೂ ಆರು ಮನೆ ಉಂಟು" ಎಂದು ಚಪ್ಪಲಿ ಹಾಕಿದ.

ಉಸ್ತಾದರು ಕಾಗದ ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು. ಬರೆದದ್ದರಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ಲ. "ಬಶೀರ್" ಎಂದರು. "ಬಶೀರ್... ಬಶೀರ್..."

ಹೊರಗಿನ ರಿಕ್ಷಾದೊಳಗೆ ಆಗಲೇ ಕೂತಿದ್ದವನು ತಲೆ ಹೊರಗೆ ಹಾಕಿದ. "ಮೂರು ಸಲ ಆಯ್ತು ಕಾಕ. ದೋಷ ಅಲ್ವಾ ಅದು?"

"ದೋಷವೇ" ಎಂದರು ಉಸ್ತಾದರು.

ಬಶೀರ್ ರಿಕ್ಷಾದವನಿಗೆ ನಿಲ್ಲಲು ಹೇಳಿ, ಮಂಡಿ ಹಿಡಿದುಕೊಂಡು ಇಳಿದ. ಇಬ್ಬರೂ ಜಗಲಿಗೆ ಬಂದು ಕೂತರು. ನನಗೂ ಕೂತು ಕೂತು ಬೆನ್ನು ಸೋತಿತ್ತು. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.