ಹುಡಗಿ ಕ್ರಾಸಿನಲ್ಲಿ ಕೈ ಎತ್ತಿದವನು

ಅಜೀಮುದ್ದೀನನಿಗೆ ಬರುತ್ತಿದ್ದ ವಿದ್ಯೆ ಒಂದೇ: ತನಗೆ ತಿಳಿಯದ್ದನ್ನು ತಿಳಿದವನ ಹಾಗೆ ಹೇಳುವುದು. ಇದೇ ವಿದ್ಯೆಯಿಂದ ಎಷ್ಟೋ ಜನ ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಕೂತಿದ್ದಾರೆ. ಅವನಿಗೆ ಸಿಕ್ಕಿದ್ದು ಹುಮನಾಬಾದಿನ ಒಂದು ತಗಡಿನ ಶೆಡ್ಡಿನಲ್ಲಿ, ಟೀವಿಯ ಪಕ್ಕದ ಸ್ಟೂಲು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಶೆಡ್ಡಿನ ಮಾಲೀಕ ಧನರಾಜ ಹೈದರಾಬಾದಿನಿಂದ ವಿಡಿಯೋ ಕ್ಯಾಸೆಟ್ಟು ತಂದು ತೋರಿಸುತ್ತಿದ್ದ. ಹಿಂದಿ ಚಿತ್ರಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ಪರದೇಶದ ಚಿತ್ರ ಬಂದಾಗ ಮಾತ್ರ ಅಜೀಮುದ್ದೀನ್ ಸ್ಟೂಲು ಏರುತ್ತಿದ್ದ. ಟೀವಿಯಲ್ಲಿದ್ದವರು ಬಾಯಿ ತೆರೆದಾಗಲೆಲ್ಲ ತಾನೂ ಬಾಯಿ ತೆರೆದು, ಕನ್ನಡಕ್ಕೆ ದಖನಿ ಬೆರೆಸಿ ಕತೆ ಬಿಡುತ್ತಿದ್ದ. ಇಂಗ್ಲಿಷು ಅವನಿಗೆ ಯೆಸ್, ನೋ ದಾಟಿ ಬರುತ್ತಿರಲಿಲ್ಲ. ಕೇಳುವವರಿಗೆ ಅಷ್ಟೂ ಬರದ ಕಾರಣ ವ್ಯವಹಾರ ಸುಸೂತ್ರವಾಗಿ ನಡೆದಿತ್ತು.

ಅವನದೊಂದು ಪದ್ಧತಿಯಿತ್ತು. ಕತೆ ಯಾವ ದೇಶದ್ದೇ ಇರಲಿ, ಅದನ್ನು ನಮ್ಮ ಕಡೆಗೆ ಎಳೆದು ತರುತ್ತಿದ್ದ. ಕೋಟೆ ಕಂಡರೆ ಅದು ಕಲ್ಯಾಣದ ಕೋಟೆ. ಪಾಳುಗುಡಿ ಕಂಡರೆ ನಾರಾಯಣಪುರದ ಗುಡಿ. ಬಿಳಿ ತೊಗಲಿನವರು ಹುಮನಾಬಾದಿನ ಠಾಣೆಯಲ್ಲಿ ದೂರು ಕೊಟ್ಟು, ಕಲ್ಯಾಣದ ಸಂತೆಯಲ್ಲಿ ಬಡಿದಾಡುತ್ತಿದ್ದರು. ನೋಡುವವರು ಲಾರಿ, ಜೀಪು, ಮೆಟಡಾರುಗಳ ಡ್ರೈವರುಗಳು. ತಾವು ದಿನಾ ಓಡಾಡುವ ದಾರಿಯಲ್ಲೇ ನಡೆದರೆ ಅವರಿಗೆ ಕತೆ ಸಲೀಸಾಗಿ ಇಳಿಯುತ್ತದೆ ಎಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪಿರಲಿಲ್ಲ, ಅದೇ ಮುಂದೆ ಕುತ್ತಿಗೆಗೆ ಬಂತು.

ಒಂದು ಸಲ ಧನರಾಜ ಹೊಸದೊಂದು ಕ್ಯಾಸೆಟ್ಟು ತಂದ. ಇಂಗ್ಲಿಷ್ ಚಿತ್ರ ಎಂದು ಬೋರ್ಡು ಬರೆಸಿದ. ಮುಖಕ್ಕೆ ಟವೆಲು ಸುತ್ತಿಕೊಂಡು ಬಂದಿದ್ದ ಲೆಕ್ಚರರ್ ಒಬ್ಬರು ಇದು ಇಂಗ್ಲಿಷಲ್ಲ, ಇಟಲಿಯವರ ಭಾಷೆ ಎಂದು ಪಿಸುಗುಟ್ಟಿದಾಗ ಧನರಾಜ ತಲೆ ಕೆಡಿಸಿಕೊಳ್ಳಲಿಲ್ಲ. ಅಜೀಮುದ್ದೀನನಿಗಂತೂ ಎರಡೂ ಒಂದೇ. ಚಿತ್ರದಲ್ಲಿ ಇದ್ದದ್ದಾದರೂ ಏನು? ಒಂದು ಕಾರು, ಅದರಲ್ಲಿ ಜಗಳಾಡುವ ಗಂಡ ಹೆಂಡತಿ. ದಾರಿಬದಿಯಲ್ಲಿ ಕೈ ಎತ್ತಿ ನಿಂತ ಒಬ್ಬ ಹಸಿರು ಕನ್ನಡಕದವನು. ಇವರು ಕರುಣೆಯಿಂದ ಹತ್ತಿಸಿಕೊಳ್ಳುತ್ತಾರೆ, ಅವನು ಚಾಕು ತೆಗೆಯುತ್ತಾನೆ. ಅಲ್ಲಿಂದ ಮುಂದೆ ಕೊಲೆ, ಬೆಂಕಿ, ಟೊಮೇಟೊ ಚಟ್ನಿಯ ಬಣ್ಣದ ರಕ್ತ. ನಡುನಡುವೆ ಆ ಹೆಂಗಸಿನ ಬಟ್ಟೆ ಹರಿಯುವುದು. ಹೆಂಗಸಿನ ಗೋಳನ್ನು ಗಂಡಸರಿಗೆ ತೋರಿಸಿ ದುಡ್ಡು ಮಾಡುವ ಹೊಲಸು ಧಂದೆ ಇಟಲಿಯವರಿಗೆ ಗೊತ್ತಿತ್ತು, ಧನರಾಜನಿಗೂ ಗೊತ್ತಿತ್ತು. ಮನೆಯಲ್ಲಿ ಅಕ್ಕತಂಗಿಯರ ಮೇಲೆ ಮೈಯೆಲ್ಲ ಕಣ್ಣಾಗಿರುವ ಮಹಾಶಯರು ಇಲ್ಲಿ ಸೀಟಿ ಹೊಡೆಯುತ್ತಿದ್ದರು.

ಅಜೀಮುದ್ದೀನ್ ಆ ಹಸಿರು ಕನ್ನಡಕದವನನ್ನು ತಂದು ನಿಲ್ಲಿಸಿದ್ದು ಹುಡಗಿ ಕ್ರಾಸಿನಲ್ಲಿ. ಹುಡಗಿ ಅವನದೇ ಊರು, ಅಲ್ಲಿಯ ಗಿಡಗಂಟಿಯೆಲ್ಲ ಅವನಿಗೆ ಬಾಯಿಪಾಠ. ಸಾಲದೆಂದು ತನ್ನ ಕಡೆಯಿಂದ ಒಂದು ಒಗ್ಗರಣೆಯನ್ನೂ ಹಾಕಿದ: ಆ ಕೈ ಎತ್ತಿದವನ ಕಣ್ಣಿನಲ್ಲಿ ಜಾದೂ ಇದೆ, ಮುಖ ನೋಡಿದ ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

"ಮಾರಿ ನೋಡಬ್ಯಾಡ್ರಿ, ಗಾಡಿ ನಿಲ್ಲಿಸಬ್ಯಾಡ್ರಿ" ಎಂದು ಅವನು ದನಿ ತಗ್ಗಿಸಿ ಹೇಳಿದಾಗ ಇಡೀ ಶೆಡ್ಡು ಉಸಿರು ಬಿಗಿಹಿಡಿಯುತ್ತಿತ್ತು.

ನಮ್ಮ ಕಡೆ ರಸ್ತೆಯಲ್ಲಿ ಕೈ ಮಾಡಿದವರನ್ನು ಬಿಟ್ಟು ಹೋಗುವ ರೂಢಿ ಇರಲಿಲ್ಲ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಲಾರಿ. ಬಾಣಂತಿಯರು, ಮುದುಕರು, ಮೇಕೆ ಹಿಡಿದವರು, ಎಲ್ಲರೂ ಹಾಗೇ ಹೋಗುತ್ತಿದ್ದರು. ಎರಡು ವಾರದಲ್ಲಿ ಹುಡಗಿ ಕ್ರಾಸಿನ ಮಟ್ಟಿಗೆ ಆ ರೂಢಿ ಮುರಿದುಬಿತ್ತು. ಹುರಿಮೀಸೆಯ ಡ್ರೈವರುಗಳು ಅಲ್ಲಿಗೆ ಬಂದೊಡನೆ ಗಾಜು ಏರಿಸಿ, ಕಣ್ಣು ನೆಟ್ಟಗೆ ಮುಂದಿಟ್ಟು, ಗಾಡಿ ಓಡಿಸತೊಡಗಿದರು. ಒಳಗೊಳಗೆ ದೇವರ ಹೆಸರನ್ನೂ ಹೇಳುತ್ತಿದ್ದರಂತೆ. ಸಿನಿಮಾ ಸುಳ್ಳೆಂದು ಅವರಿಗೆ ಗೊತ್ತಿತ್ತು, ಆದರೂ ಯಾಕೆ ಬೇಕು ಎಂದು ಹೇಳಿಕೊಳ್ಳುತ್ತಿದ್ದರು.

ಹೆಂಡತಿ ಮುನ್ನಿ ಬೀ ಮೊದಲೇ ಗಂಡನಿಗೆ ಹೇಳಿದ್ದಳು. ನಿನ್ನ ಕತೆ ಮಾಡಿದ ಉಪಕಾರಕ್ಕೆ ಊರಿನ ಹೆಂಗಸರು ಬಿಸಿಲಲ್ಲಿ ನಿಂತು ಸಾಯುತ್ತಿದ್ದಾರೆ, ಇದನ್ನು ನಿಲ್ಲಿಸು ಎಂದಿದ್ದಳು. ಅಜೀಮುದ್ದೀನ್ ನಕ್ಕುಬಿಟ್ಟ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೆ ಹೆಮ್ಮೆ. ಜೀವಮಾನದಲ್ಲಿ ಯಾರೂ ಅವನ ಮಾತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಕಲ್ಯಾಣದಲ್ಲಿ ಧನರಾಜನ ಇನ್ನೊಂದು ಶೆಡ್ಡಿತ್ತು. ಸಂಜೆಯ ಆಟಕ್ಕೆ ಅಲ್ಲಿಗೆ ಹೋಗುವಾಗ ಮಚ್ಚೇಂದ್ರನೆಂಬ ಕಲ್ಯಾಣದ ಡ್ರೈವರು ಅವನನ್ನು ತನ್ನ ಮೆಟಡಾರಿನ ಮುಂದಿನ ಸೀಟಿನಲ್ಲೇ ಕೂರಿಸಿಕೊಳ್ಳುತ್ತಿದ್ದ. ದಾರಿಯುದ್ದಕ್ಕೂ ಚಾಚಾ, ಆ ಕನ್ನಡಕದವ ಮುಂದೆ ಏನಾದ, ಅವನಿಗೆ ತಾಯಿತಂದೆ ಇರಲಿಲ್ಲವೇ ಎಂದು ಕೇಳುವವನು. ಚಾಚಾ ಬಾಯಿಗೆ ಬಂದದ್ದು ಹೇಳುವವನು.

ಮಗಳು ಕರೀಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮಂಗಳವಾರ ಬೆಳಗಿನ ಜಾವವೇ ನೋವು ಶುರುವಾಯಿತು. ಹೊತ್ತು ಏರಿದರೂ ಕೂಸು ಬರಲಿಲ್ಲ. ಸೂಲಗಿತ್ತಿ ಕೈ ಒರೆಸಿಕೊಂಡು, ಇನ್ನು ನನ್ನ ಕೈಲಾಗದು, ಹುಮನಾಬಾದಿನ ದವಾಖಾನೆಗೆ ಒಯ್ಯಿರಿ, ತಡ ಮಾಡಿದರೆ ಕೂಸು ಉಳಿಯುವುದಿಲ್ಲ ಎಂದಳು. ಮಗಳನ್ನು ಎತ್ತಿಕೊಂಡು ಕ್ರಾಸಿಗೆ ತರುವಷ್ಟರಲ್ಲಿ ಅಜೀಮುದ್ದೀನನ ಬಿಳಿ ಜುಬ್ಬಾ ರಕ್ತವಾಗಿತ್ತು. ಬಸ್ಸು ಹೋಗಿಯಾಗಿತ್ತು. ಗಿಡದ ಬುಡದಲ್ಲಿ ಕೌದಿ ಹಾಸಿ ಕರೀಮಾಳನ್ನು ಮಲಗಿಸಿ, ಮುನ್ನಿ ಬೀಯನ್ನು ಪಕ್ಕಕ್ಕೆ ಕೂರಿಸಿ, ಅವನು ರಸ್ತೆಯ ಅಂಚಿಗೆ ಬಂದು ಕೈ ಎತ್ತಿದ.

ಒಂದು ಲಾರಿ ಬಂತು, ಹೋಯಿತು. ಜೀಪೊಂದು ಅವನನ್ನು ಕಂಡು ಆ ಕಡೆಯ ಅಂಚಿಗೆ ಸರಿದು ಓಡಿತು. ರಕ್ತದ ಅಂಗಿ ತೊಟ್ಟು ಕೈ ಎತ್ತಿ ನಿಂತವನು! ಇನ್ನೇನು ಬೇಕಿತ್ತು ಆ ಶೂರರಿಗೆ? ಅಜೀಮುದ್ದೀನ್ ಎರಡೂ ಕೈ ಎತ್ತಿದ, ಕೂಗಿದ, ಗಾಡಿಗಳ ಹಿಂದೆ ಓಡಿದ. ಓಡಿದಷ್ಟೂ ಅವು ಜೋರಾಗಿ ಓಡಿದವು. ಆಮೇಲೆ ದೂರದಲ್ಲಿ ಮಚ್ಚೇಂದ್ರನ ಹಳದಿ ಮೆಟಡಾರು ಕಂಡಿತು. ಬೀದರಿನಲ್ಲಿ ಬೇಳೆ ಮೂಟೆ ಇಳಿಸಿ ಹುಮನಾಬಾದಿನ ಕಡೆಗೆ ಖಾಲಿ ಬರುತ್ತಿತ್ತು. ಬದುಕಿದೆ ಎಂದುಕೊಂಡ ಅಜೀಮುದ್ದೀನನ ಕಣ್ಣಲ್ಲಿ ನೀರು ಬಂತು. ಗಾಡಿ ಹತ್ತಿರ ಬಂದಾಗ ಗಾಜು ಏರಿತು. ಮಚ್ಚೇಂದ್ರ ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು, ನೆಟ್ಟಗೆ ಮುಂದೆ ನೋಡುತ್ತ, ತುಟಿ ಅಲುಗಿಸುತ್ತ ಹೋಗಿಬಿಟ್ಟ.

ಕೊನೆಗೆ ಸಿಕ್ಕಿದ್ದು ಎತ್ತಿನ ಬಂಡಿ. ಬಂಡಿ ದವಾಖಾನೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಕರೀಮಾ ಉಳಿದಳು. ಗಂಡು ಕೂಸು ಉಳಿಯಲಿಲ್ಲ. ಒಂದು ತಾಸು ಮೊದಲು ತಂದಿದ್ದರೆ ಆಗುತ್ತಿತ್ತು ಎಂದರು ಡಾಕ್ಟರು. ಮುನ್ನಿ ಬೀ ಗಂಡನ ಜುಬ್ಬಾ ಬಿಚ್ಚಿಸಿ ರಕ್ತ ತೊಳೆದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಚಿತ್ರಕ್ಕೆ ಇನ್ನೂ ಬೇಡಿಕೆಯಿತ್ತು. ವಾರ ಕಳೆದ ಮೇಲೆ ಧನರಾಜ ಹೇಳಿಕಳಿಸಿದ. ಅಜೀಮುದ್ದೀನ್ ಬಸ್ಸು ಹತ್ತಿ ಕಲ್ಯಾಣಕ್ಕೆ ಹೋದ. ಶೆಡ್ಡು ತುಂಬಿತ್ತು, ಮುಂದಿನ ಸಾಲಿನಲ್ಲಿ ಮಚ್ಚೇಂದ್ರ ಕಾಲು ಚಾಚಿ ಕೂತಿದ್ದ. ಹಸಿರು ಕನ್ನಡಕದವನು ಟೀವಿಯಲ್ಲಿ ಕೈ ಎತ್ತಿದೊಡನೆ ಅಜೀಮುದ್ದೀನ್ ಹೇಳತೊಡಗಿದ: ಇವನು ಹುಡಗಿಯವನು, ಇವನ ಮಗಳು ಅಲ್ಲೇ ಗಿಡದ ಕೆಳಗೆ ನೋವು ತಿನ್ನುತ್ತಿದ್ದಾಳೆ, ದವಾಖಾನೆಗೆ ಬಿಡಿರಿ ಎಂದು ಕಾಲು ಹಿಡಿಯುತ್ತಿದ್ದಾನೆ. ಜನ ಮೊದಲು ನಕ್ಕರು. ಟೀವಿಯಲ್ಲಿ ಚಾಕು ಹೊರಬಂದಿತ್ತು, ಇವನು ಇನ್ನೂ ಮಗಳು, ದವಾಖಾನೆ ಎನ್ನುತ್ತಿದ್ದ. ಆಗ ಸಿಟ್ಟಿಗೆದ್ದರು. ಕತೆ ಕೆಡಿಸುತ್ತಿದ್ದಾನೆಂದು ಯಾರೋ ಬೀಡಿಕಟ್ಟು ಎಸೆದರು.

"ಚಾಚಾ, ಮೊದ್ಲ ಹ್ಯಾಂಗ ಹೇಳತಿದ್ರಿ, ಹಂಗ ಹೇಳ್ರಿ" ಎಂದ ಮಚ್ಚೇಂದ್ರ.

ಅಜೀಮುದ್ದೀನ್ ಸ್ಟೂಲಿನಿಂದ ಇಳಿದು ಅವನ ಎದುರಿಗೆ ನಿಂತ. "ಮಂಗಳವಾರ ಕ್ರಾಸ್‌ನ್ಯಾಗ ನಿನ್ನ ಗಾಡಿಗಿ ಕೈ ಮಾಡಿದವ ನಾನ, ಮಚ್ಚೇಂದ್ರ. ಗಿಡದ ಕೆಳಗ ನನ್ನ ಮಗಳು ಮಲಗಿದ್ಳು. ಕೂಸು ಹೋತು."

ಶೆಡ್ಡಿನಲ್ಲಿ ಟೀವಿಯೊಂದೇ ತನ್ನ ಭಾಷೆಯಲ್ಲಿ ಒದರುತ್ತಿತ್ತು. ಮಚ್ಚೇಂದ್ರನ ಮುಖ ಕಪ್ಪಿಟ್ಟಿತು. ಸುತ್ತಲಿನವರನ್ನು ಒಮ್ಮೆ ನೋಡಿ ಹೇಳಿದ:

"ನನಗ ಹ್ಯಾಂಗ ಗೊತ್ತಾಗಬೇಕ್ರಿ? ಮಾರಿ ನೋಡಬ್ಯಾಡ್ರಿ ಅಂತ ನೀವೇ ಹೇಳಿದ್ರಿ."

ಇಪ್ಪತ್ತು ದೇಶಗಳ ಜನರ ಬಾಯಿಗೆ ಮಾತು ಕೊಟ್ಟವನು ಸ್ಟೂಲನ್ನು ಗೋಡೆಗೆ ಸರಿಸಿದ. ಅವನು ಬಾಗಿಲ ಕಡೆ ನಡೆದ. ಯಾರೂ ತಡೆಯಲಿಲ್ಲ. ಮುಂದೆ ಆ ಹೆಂಗಸಿನ ದೃಶ್ಯ ಬರುವುದಿತ್ತು, ಅದಕ್ಕೆ ಅರ್ಥ ಹೇಳುವವರು ಬೇಕಿರಲಿಲ್ಲ. ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಒಳಗಿನಿಂದ ಸೀಟಿಗಳು ಕೇಳಿಸಿದವು. ಅವುಗಳಲ್ಲಿ ಮಚ್ಚೇಂದ್ರನದು ಯಾವುದೆಂದು ಅವನಿಗೆ ಗೊತ್ತಾಯಿತು.